ಹಳೆಯ ಸಣ್ಣ ಟ್ರ್ಯಾಕ್ಟರುಗಳ ಹಿಂಬದಿ ಕೊಂಡಿ: ಎಳೆಯುವ ಹಾಗೂ ಎತ್ತುವ ಕೆಲಸಗಳಲ್ಲಿ ಅನುಸರಿಸಬೇಕಾದ ಕ್ರಮ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಬಡಾವಣೆಗಳನ್ನು ದಾಟಿ ಮಾಗಡಿ ರಸ್ತೆ ಅಥವಾ ಮೈಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಕೆಂಗೇರಿ ಮತ್ತು ತಾವರೆಕೆರೆ ಹೋಬಳಿಗಳ ತೆಂಗು, ತರಕಾರಿ ಹಾಗೂ ಹಿಪ್ಪುನೇರಳೆ ತೋಟಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಈ ತೋಟಗಳಲ್ಲಿ ಮೂವತ್ತು, ನಲವತ್ತು ವರ್ಷ ಹಳೆಯದಾದ ಸಣ್ಣ ಟ್ರ್ಯಾಕ್ಟರುಗಳು ಇನ್ನೂ ಬಳಕೆಯಲ್ಲಿವೆ. ಉಳುಮೆಯ ಕೆಲಸ ಕಡಿಮೆಯಾದ ಕಡೆಗಳಲ್ಲಿ ಅವೇ ಯಂತ್ರಗಳು ನೀರಿನ ಟ್ಯಾಂಕರ್, ಇಟ್ಟಿಗೆ, ಜಲ್ಲಿ ಮತ್ತು ಮಳೆಗಾಲದಲ್ಲಿ ಮುರಿದುಬಿದ್ದ ಮರದ ಕೊಂಬೆಗಳನ್ನು ಎಳೆಯಲು ನಗರದ ಬೀದಿಗಳಿಗೂ ಬರುತ್ತವೆ. ಈ ಎಲ್ಲ ಕೆಲಸಗಳೂ ನಡೆಯುವುದು ಟ್ರ್ಯಾಕ್ಟರಿನ ಹಿಂಬದಿಯ ಕೊಂಡಿಯ ಮೂಲಕ. ಕೊಂಡಿಯನ್ನು ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಪಿನ್ನಿನಿಂದ ಕಟ್ಟಲಾಗಿದೆ ಎಂಬುದರ ಮೇಲೆ ಕೆಲಸದ ಗುಣಮಟ್ಟ ಮಾತ್ರವಲ್ಲ, ಚಾಲಕನ ಜೀವವೂ ನಿಂತಿದೆ. ಟ್ರ್ಯಾಕ್ಟರು ಹಿಮ್ಮುಖವಾಗಿ ಮಗುಚುವ ಅಪಘಾತಗಳಲ್ಲಿ ಚಾಲಕರು ಪಾರಾಗುವುದು ವಿರಳ. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೀಡಲಾಗಿದೆ.

ಯಾವ ಯಂತ್ರಗಳ ಬಗ್ಗೆ ಈ ಮಾಹಿತಿ

ಅಮೆರಿಕದ ಮನೆಯಂಗಳಗಳಲ್ಲಿ ಹುಲ್ಲು ಕತ್ತರಿಸಲು ಬಳಸುವ ಪುಟ್ಟ ಟ್ರ್ಯಾಕ್ಟರುಗಳು ನಮ್ಮಲ್ಲಿ ರೂಢಿಗೆ ಬಂದಿಲ್ಲ. ನಮ್ಮ ರೈತರು ತೋಟದ ಟ್ರ್ಯಾಕ್ಟರು ಎನ್ನುವುದು ಸಾಲುಗಳ ನಡುವೆ ತಿರುಗಬಲ್ಲ, ಸುಮಾರು 18ರಿಂದ 35 ಅಶ್ವಶಕ್ತಿಯ ಯಂತ್ರಗಳಿಗೆ. 1959ರಲ್ಲಿ ಫರೀದಾಬಾದಿನಲ್ಲಿ ತಯಾರಿಕೆ ಆರಂಭಿಸಿದ ಐಷರ್ ಕಂಪನಿಯ ಗಾಳಿಯಿಂದ ತಣಿಯುವ ಟ್ರ್ಯಾಕ್ಟರುಗಳು, ಟಾಫೆಯವರ ಮ್ಯಾಸ್ಸಿ ಫರ್ಗ್ಯೂಸನ್ 1035, ಎಚ್.ಎಂ.ಟಿ.ಯವರು 1971ರಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಿಸಿದ 25 ಅಶ್ವಶಕ್ತಿಯ ಜೆಟರ್ 2511, ಬೆಂಗಳೂರಿನಲ್ಲಿಯೇ 1967ರಲ್ಲಿ ಸ್ಥಾಪನೆಗೊಂಡ ವಿ.ಎಸ್.ಟಿ. ಸಂಸ್ಥೆಯ 18.5 ಅಶ್ವಶಕ್ತಿಯ ಮಿತ್ಸುಬಿಷಿ ಶಕ್ತಿ ಎಂ.ಟಿ. 180 ಡಿ ಇವು ಈ ಗುಂಪಿಗೆ ಸೇರುತ್ತವೆ. ಅದೇ ಸಂಸ್ಥೆಯ ಪವರ್ ಟಿಲ್ಲರುಗಳೂ ಈ ಭಾಗದಲ್ಲಿ ಬಹುಕಾಲದಿಂದ ಪರಿಚಿತ. ಅವುಗಳ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ಹೇಳಲಾಗಿದೆ.

ಮೂರು ತುದಿಯ ಜೋಡಣೆಯ ತತ್ತ್ವ

ಟ್ರ್ಯಾಕ್ಟರಿನ ಹಿಂದೆ ಕೆಳಗಡೆ ಎರಡು ತೋಳುಗಳು, ಮೇಲ್ಗಡೆ ನಡುವೆ ಒಂದು ಟಾಪ್ ಲಿಂಕ್, ಹೀಗೆ ಮೂರು ಕಡೆ ಉಪಕರಣವನ್ನು ಹಿಡಿಯುವ ವ್ಯವಸ್ಥೆಯನ್ನು ಮೂರು ತುದಿಯ ಜೋಡಣೆ ಅಥವಾ ತ್ರೀ ಪಾಯಿಂಟ್ ಲಿಂಕೇಜ್ ಎನ್ನಲಾಗುತ್ತದೆ. ಇದನ್ನು ರೂಪಿಸಿದವರು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. ಅವರ ಪ್ರಯೋಗಗಳು 1920ರ ದಶಕದಲ್ಲಿ ನಡೆದವು. 1936ರ ಫರ್ಗ್ಯೂಸನ್ ಬ್ರೌನ್, 1939ರ ಫೋರ್ಡ್ 9 ಎನ್ ಹಾಗೂ 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಟಿ.ಇ. 20 ಟ್ರ್ಯಾಕ್ಟರುಗಳ ಮೂಲಕ ಈ ಪದ್ಧತಿಯು ಜಗತ್ತಿನೆಲ್ಲೆಡೆ ಹರಡಿತು. ಅದಕ್ಕೂ ಮೊದಲು ನೇಗಿಲನ್ನು ಸರಪಳಿಯಿಂದಲೋ ಕೊಂಡಿಯಿಂದಲೋ ಎಳೆಯಲಾಗುತ್ತಿತ್ತು. ನೇಗಿಲು ಭೂಮಿಯೊಳಗಿನ ಬಂಡೆಗೋ ಬೇರಿಗೋ ಸಿಕ್ಕಿಕೊಂಡಾಗ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆ ಬೀಳುತ್ತಿದ್ದುದು ಅಂದಿನ ದೊಡ್ಡ ಸಮಸ್ಯೆಯಾಗಿತ್ತು.

ಫರ್ಗ್ಯೂಸನ್ ಅವರ ಉಪಾಯ ಸರಳವಾದುದು. ಮಣ್ಣಿನ ತಡೆಯು ನೇಗಿಲಿನ ಕುಳವನ್ನು ಹಿಂದಕ್ಕೆ ಎಳೆಯುತ್ತದೆ. ಆಗ ನೇಗಿಲಿನ ಮೇಲ್ಭಾಗವು ಮುಂದಕ್ಕೆ ವಾಲಲು ಯತ್ನಿಸುತ್ತದೆ. ಆ ಒತ್ತಡವು ಟಾಪ್ ಲಿಂಕಿನ ಮೂಲಕ ಟ್ರ್ಯಾಕ್ಟರಿನ ದೇಹವನ್ನು ಮುಂದಕ್ಕೆ ತಳ್ಳಿ ಮುಂಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಎಳೆತ ಹೆಚ್ಚಿದಷ್ಟೂ ಈ ಒತ್ತಡ ಹೆಚ್ಚುತ್ತದೆ. ಅಂದರೆ ಮೂರು ತುದಿಗಳಲ್ಲಿಯೂ ಬಿಗಿಯಾಗಿ ಕೂಡಿಸಿದ ನೇಗಿಲು, ಕಲ್ಟಿವೇಟರ್ ಮುಂತಾದ ಉಪಕರಣಗಳು ಎಳೆಯುವಾಗ ತಾವೇ ಟ್ರ್ಯಾಕ್ಟರನ್ನು ಕಾಯುತ್ತವೆ.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಈ ರಕ್ಷಣೆಯು ಉಪಕರಣ ಮೂರು ಕಡೆ ಕೂಡಿಕೊಂಡಿರುವಾಗ ಮಾತ್ರ ದೊರೆಯುತ್ತದೆ. ಅದೇ ಟಾಪ್ ಲಿಂಕಿನ ಬುಡಕ್ಕೆ ಸರಪಳಿ ಸಿಕ್ಕಿಸಿ ಎಳೆದರೆ ತಳ್ಳುವ ಬದಲು ಹಿಂದಕ್ಕೆ ಜಗ್ಗುವ ಬಲವು ಅದೇ ಎತ್ತರದಲ್ಲಿ ಉಂಟಾಗುತ್ತದೆ. ಕಾಯುವ ಜಾಗವೇ ಕೆಡಹುವ ಜಾಗವಾಗುತ್ತದೆ. ಅದು ಗಟ್ಟಿಯಾಗಿದೆ, ಕೈಗೆ ಸುಲಭವಾಗಿ ಎಟಕುತ್ತದೆ ಎಂಬ ಕಾರಣಕ್ಕೆ ಅನೇಕರು ಸರಪಳಿಯನ್ನು ಅಲ್ಲಿಯೇ ಕಟ್ಟುವ ರೂಢಿ ಇದೆ. ಈ ರೂಢಿಯನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು.

ಎಳೆಯುವ ಕೊಂಡಿಯ ಎತ್ತರ: ಒಂದು ಲೆಕ್ಕ

ಮೇಲಿನ ಮಾತನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಒಟ್ಟು 1,500 ಕೆ.ಜಿ. ತೂಕದ ಒಂದು ಸಣ್ಣ ಟ್ರ್ಯಾಕ್ಟರು ಇದೆ ಎಂದು ಭಾವಿಸೋಣ. ಮುಂಚಕ್ರ ಮತ್ತು ಹಿಂಚಕ್ರಗಳ ಅಚ್ಚುಗಳ ನಡುವಣ ಅಂತರ 1.8 ಮೀಟರ್. ನಿಂತಿರುವಾಗ ಮುಂಚಕ್ರಗಳ ಮೇಲೆ 600 ಕೆ.ಜಿ., ಹಿಂಚಕ್ರಗಳ ಮೇಲೆ 900 ಕೆ.ಜಿ. ಭಾರವಿದೆ. ಹಿಂದಿನಿಂದ ಎಳೆತ ಬಿದ್ದಾಗ ಮುಂಚಕ್ರಗಳ ಭಾರ ಕಡಿಮೆಯಾಗಿ ಅಷ್ಟೇ ಭಾರ ಹಿಂಚಕ್ರಗಳಿಗೆ ವರ್ಗವಾಗುತ್ತದೆ. ಎಷ್ಟು ವರ್ಗವಾಗುತ್ತದೆ ಎಂಬುದನ್ನು ಕಂಡುಕೊಳ್ಳಲು ಎಳೆತದ ಬಲವನ್ನು ಕೊಂಡಿಯ ಎತ್ತರದಿಂದ ಗುಣಿಸಿ, ಅಚ್ಚುಗಳ ಅಂತರದಿಂದ ಭಾಗಿಸಬೇಕು. ಒಣ ಗಟ್ಟಿ ನೆಲದಲ್ಲಿ ಹಿಂದಿನ ಟೈರುಗಳು ತಮ್ಮ ಮೇಲಿನ ಭಾರದ ಹತ್ತರಲ್ಲಿ ಏಳು ಪಾಲಿನಷ್ಟು ಬಲವನ್ನು ಜಾರದೆ ಎಳೆಯಬಲ್ಲವು ಎಂದು ಇಟ್ಟುಕೊಳ್ಳೋಣ.

ಕೊಂಡಿಯು ನೆಲದಿಂದ 40 ಸೆಂ.ಮೀ. ಎತ್ತರದಲ್ಲಿರುವ ಡ್ರಾಬಾರಿನಲ್ಲಿದ್ದರೆ ಸುಮಾರು 750 ಕೆ.ಜಿ. ಬಲದ ಎಳೆತಕ್ಕೆ ಹಿಂದಿನ ಟೈರುಗಳು ಜಾರಲು ಆರಂಭಿಸುತ್ತವೆ. ಆ ಹೊತ್ತಿಗೆ ಮುಂಚಕ್ರಗಳು ಕಳೆದುಕೊಂಡಿರುವುದು ಸುಮಾರು 170 ಕೆ.ಜಿ. ಮಾತ್ರ, ಇನ್ನೂ 430 ಕೆ.ಜಿ. ಭಾರ ಮುಂದುಗಡೆ ಉಳಿದಿರುತ್ತದೆ. ಟೈರು ಜಾರಿತೆಂದು ಚಾಲಕನಿಗೆ ಬೇಸರವಾಗಬಹುದು. ಆದರೆ ಆ ಜಾರುವಿಕೆಯೇ ಅವನಿಗೆ ಸಿಗುವ ಎಚ್ಚರಿಕೆ.

ಅದೇ ಸರಪಳಿಯನ್ನು ಒಂದು ಮೀಟರ್ ಎತ್ತರದಲ್ಲಿರುವ ಟಾಪ್ ಲಿಂಕಿನ ಬುಡಕ್ಕೆ ಕಟ್ಟಿದರೆ ಪರಿಸ್ಥಿತಿ ಬೇರೆಯಾಗುತ್ತದೆ. ಎಳೆದಂತೆಲ್ಲ ಹಿಂಚಕ್ರಗಳ ಮೇಲೆ ಭಾರ ಕೂಡುತ್ತದೆ, ಭಾರ ಕೂಡಿದಂತೆಲ್ಲ ಹಿಡಿತ ಹೆಚ್ಚುತ್ತದೆ, ಹಿಡಿತ ಹೆಚ್ಚಿದುದರಿಂದ ಇನ್ನೂ ಬಲವಾಗಿ ಎಳೆಯಲು ಸಾಧ್ಯವಾಗುತ್ತದೆ. ಟೈರು ಜಾರುವ ಹಂತ ತಲುಪಲು ಸುಮಾರು 1,030 ಕೆ.ಜಿ. ಬಲ ಬೇಕಾಗುತ್ತದೆ. ಅಷ್ಟರಲ್ಲಿ ಮುಂಚಕ್ರಗಳು ಸುಮಾರು 570 ಕೆ.ಜಿ. ಕಳೆದುಕೊಂಡಿರುತ್ತವೆ. ಉಳಿಯುವುದು ಕೇವಲ 30 ಕೆ.ಜಿ. ಇದು ಸಮತಟ್ಟಾದ ನೆಲದ ಲೆಕ್ಕ. ಅಲ್ಪಸ್ವಲ್ಪ ಏರು ಇದ್ದರೆ, ಹಿಂಚಕ್ರ ತಗ್ಗಿನಲ್ಲಿದ್ದರೆ, ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಆ 30 ಕೆ.ಜಿ.ಯೂ ಉಳಿಯುವುದಿಲ್ಲ. ಮೇಲೆ ಕಟ್ಟಿದರೆ ಹೆಚ್ಚು ಜಗ್ಗುತ್ತದೆ ಎಂದು ಅನುಭವಸ್ಥ ಚಾಲಕರು ಹೇಳುವುದು ಸುಳ್ಳಲ್ಲ. ಆದರೆ ಆ ಹೆಚ್ಚುವರಿ ಬಲವು ಮುಂಚಕ್ರಗಳ ಭಾರವನ್ನು ಕಳೆದುಕೊಂಡೇ ಬಂದುದಾಗಿರುತ್ತದೆ.

ಮುಂಚಕ್ರಗಳು ನೆಲ ಬಿಟ್ಟ ಬಳಿಕ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಟ್ರ್ಯಾಕ್ಟರು ಮತ್ತೆ ಕೆಳಗಿಳಿಯಲಾರದ ಹಂತವನ್ನು ದಾಟುತ್ತದೆ. ಒಂದೂವರೆ ಸೆಕೆಂಡಿನೊಳಗೆ ಪೂರ್ಣವಾಗಿ ಮಗುಚಿಕೊಳ್ಳುತ್ತದೆ. ಚಾಲಕನು ಅಪಾಯವನ್ನು ಗ್ರಹಿಸಿ ಕ್ಲಚ್ಚಿನ ಮೇಲೆ ಕಾಲಿಡುವುದಕ್ಕೂ ಅಷ್ಟೇ ಸಮಯ ಬೇಕು. ಆದುದರಿಂದ ಎದ್ದಾಗ ನೋಡಿಕೊಳ್ಳೋಣ ಎಂಬ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ.

ಎರಡು ಕೆಳತೋಳುಗಳ ನಡುವೆ ಅಡ್ಡಲಾಗಿ ಸಿಕ್ಕಿಸುವ, ಸಾಲಾಗಿ ತೂತುಗಳಿರುವ ಪಟ್ಟಿಯ ಬಗ್ಗೆಯೂ ಎಚ್ಚರ ಅಗತ್ಯ. ಹಳೆಯ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ವ್ಯವಸ್ಥೆಯು ತೋಳುಗಳನ್ನು ಮೇಲೆತ್ತಬಲ್ಲದೇ ಹೊರತು ಕೆಳಕ್ಕೆ ಒತ್ತಿ ಹಿಡಿಯಲಾರದು. ಎಳೆತದ ಹೊಡೆತಕ್ಕೆ ಪಟ್ಟಿಯು ತಾನಾಗಿ ಮೇಲೇಳಬಹುದು. ಲಿವರಿಗೆ ಕೈ ತಾಗಿದರೂ ಏಳಬಹುದು. ಈ ಪಟ್ಟಿಯಿಂದ ಎಳೆಯಲೇಬೇಕಾದ ಸಂದರ್ಭದಲ್ಲಿ ಅದನ್ನು ಕೆಳಮಟ್ಟದಲ್ಲಿ ಕಟ್ಟಿಹಾಕುವ ಎರಡು ಊರೆ ಸರಳುಗಳನ್ನು ತಪ್ಪದೆ ಅಳವಡಿಸತಕ್ಕದ್ದು. ಹಳೆಯ ಯಂತ್ರಗಳೊಂದಿಗೆ ತಯಾರಕರು ಕೊಟ್ಟಿದ್ದ ಈ ಸರಳುಗಳು ಈಗ ಹೆಚ್ಚಿನ ಶೆಡ್ಡುಗಳಲ್ಲಿ ಇರುವುದಿಲ್ಲ. ಸರಳು ಇಲ್ಲದಿದ್ದರೆ ಗೇರ್‌ಬಾಕ್ಸಿನ ತಳಕ್ಕೆ ಬೋಲ್ಟು ಮಾಡಿರುವ ಸ್ಥಿರ ಡ್ರಾಬಾರನ್ನೇ ಬಳಸಬೇಕು.

ನೀಲಗಿರಿ ಬುಡ ಕೀಳುವ ಕೆಲಸ

ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಲಾಗಿದೆ. ಬೆಂಗಳೂರಿನ ಸುತ್ತಮುತ್ತ ಹಳೆಯ ನೀಲಗಿರಿ ತೋಪುಗಳನ್ನು ತೆಗೆದು ಹಣ್ಣು, ತರಕಾರಿ ಬೆಳೆಗೆ ಭೂಮಿ ಹದ ಮಾಡುವವರು ಬುಡ ಕೀಳುವ ಕೆಲಸಕ್ಕೆ ಕೈಯಲ್ಲಿರುವ ಸಣ್ಣ ಟ್ರ್ಯಾಕ್ಟರನ್ನೇ ಹಚ್ಚುವುದುಂಟು. ತೆಂಗಿನ ಬುಡಗಳಿಗೂ ಇದೇ ಪ್ರಯೋಗ ನಡೆಯುತ್ತದೆ. ಹಿಂಬದಿ ಕೊಂಡಿಯ ಕೆಲಸಗಳಲ್ಲೆಲ್ಲ ಇದೇ ಅತ್ಯಂತ ಅಪಾಯಕರವಾದುದು. ಟ್ರೇಲರು ಎಷ್ಟೇ ಭಾರವಿದ್ದರೂ ಉರುಳುತ್ತದೆ. ಬೇರೂರಿದ ಬುಡವು ಅಲುಗುವುದೇ ಇಲ್ಲ. ಎಂಜಿನಿನ ಪೂರ್ಣ ಬಲವು ಟ್ರ್ಯಾಕ್ಟರನ್ನೇ ಹಿಂಚಕ್ರಗಳ ಸುತ್ತ ತಿರುಗಿಸಲು ತೊಡಗುತ್ತದೆ.

ಸರಪಳಿಯನ್ನು ಸಡಿಲ ಬಿಟ್ಟು ಓಡಿಸಿಕೊಂಡು ಹೋಗಿ ಜಗ್ಗುವ ಪದ್ಧತಿಯಲ್ಲಿ ಮೇಲೆ ಹೇಳಿದ ಲೆಕ್ಕಗಳೆಲ್ಲ ಮೀರಿಹೋಗುತ್ತವೆ. ಆ ಕ್ಷಣದ ಬಲವು ನಿಧಾನವಾದ ಎಳೆತದ ಹಲವು ಪಟ್ಟು ಇರಬಹುದು. ನೈಲಾನ್ ಹಗ್ಗವಂತೂ ರಬ್ಬರಿನಂತೆ ಹಿಗ್ಗಿ, ಕಡಿದಾಗ ಕೊಂಡಿಯನ್ನೂ ಹೊತ್ತುಕೊಂಡು ಚಾಲಕನ ಬೆನ್ನಿಗೆ ಹಾರುತ್ತದೆ. ಬುಡದ ಸುತ್ತ ಅಗೆದು, ಪಕ್ಕದ ಬೇರುಗಳನ್ನು ಕಡಿದು ಸಡಿಲಗೊಳಿಸಿದ ನಂತರವೇ ಕೆಳಗಿನ ಡ್ರಾಬಾರಿನಿಂದ ಸರಪಳಿ ಬಿಗಿಸಿ, ಅತಿ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಎಳೆಯಬೇಕು. ಸರಪಳಿಯ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಮುಂದುಗಡೆ ಏಳದಿರಲೆಂದು ಇಬ್ಬರು ಆಳುಗಳನ್ನು ಬಂಪರಿನ ಮೇಲೆ ನಿಲ್ಲಿಸುವ ಕ್ರಮವು ಕೆಲವೆಡೆ ಇದೆ. ಟ್ರ್ಯಾಕ್ಟರು ಎದ್ದರೆ ಅವರಿಗೂ ಅದೇ ಗತಿ. ಏಳದೆ ಮುಂದೆ ನುಗ್ಗಿದರೆ ಚಕ್ರದಡಿಗೆ ಬೀಳುವವರು ಅವರೇ. ಬುಡ ಒಂದೆರಡು ಯತ್ನಕ್ಕೆ ಅಲುಗದಿದ್ದರೆ ಜೆಸಿಬಿ ಯಂತ್ರವನ್ನು ಗಂಟೆಯ ಬಾಡಿಗೆಗೆ ತರಿಸುವುದೇ ಲೇಸು. ಆ ಖರ್ಚು ಟ್ರ್ಯಾಕ್ಟರಿನ ಒಂದು ಗೇರ್‌ಬಾಕ್ಸ್ ದುರಸ್ತಿಗಿಂತ ಕಡಿಮೆಯೇ ಆಗುತ್ತದೆ.

ಕೆಸರಿನಲ್ಲಿ ಹೂತುಹೋದ ಟ್ರ್ಯಾಕ್ಟರಿಗೂ ಇದೇ ನಿಯಮ ಅನ್ವಯಿಸುತ್ತದೆ. ಹಿಂಚಕ್ರಗಳ ಮುಂದೆ ಮರದ ದಿಮ್ಮಿ ಕಟ್ಟಿ ಏರಿಸಲು ಹೋಗಬಾರದು. ಚಕ್ರ ತಿರುಗಲಾಗದಿದ್ದರೆ ಟ್ರ್ಯಾಕ್ಟರಿನ ದೇಹ ತಿರುಗುತ್ತದೆ. ಹಿಮ್ಮುಖ ಗೇರಿನಲ್ಲಿ ಹೊರಬರುವುದು ಅಥವಾ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದು ಸರಿಯಾದ ಮಾರ್ಗ.

ಎತ್ತುವ ಸಾಮರ್ಥ್ಯ

ಟ್ರ್ಯಾಕ್ಟರಿನ ಪುಸ್ತಿಕೆಯಲ್ಲಿ ನಮೂದಿಸಿರುವ ಎತ್ತುವ ಸಾಮರ್ಥ್ಯವನ್ನು ಓದುವಾಗ ಅದು ಯಾವ ಜಾಗದಲ್ಲಿ ಅಳೆದ ಸಂಖ್ಯೆ ಎಂಬುದನ್ನು ನೋಡಬೇಕು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಪರೀಕ್ಷೆಗಳಲ್ಲಿ ಕೆಳತೋಳಿನ ತುದಿಯಲ್ಲಿಯೂ, ತುದಿಯಿಂದ 610 ಮಿ.ಮೀ. ಅಂದರೆ ಎರಡು ಅಡಿ ಹಿಂದೆಯೂ ಈ ಸಾಮರ್ಥ್ಯವನ್ನು ಅಳೆಯಲಾಗುತ್ತದೆ. ಎರಡನೆಯ ಸಂಖ್ಯೆ ಯಾವಾಗಲೂ ಚಿಕ್ಕದು. ರೈತನಿಗೆ ಉಪಯುಕ್ತವಾದುದೂ ಅದೇ. ಉಪಕರಣದ ಭಾರದ ಕೇಂದ್ರವು ಎರಡು ಅಡಿಗಿಂತಲೂ ಹಿಂದೆ ಇದ್ದರೆ ಸಾಮರ್ಥ್ಯ ಇನ್ನೂ ಕುಗ್ಗುತ್ತದೆ.

ಹೈಡ್ರಾಲಿಕ್ ಎತ್ತಿತೆಂದ ಮಾತ್ರಕ್ಕೆ ಟ್ರ್ಯಾಕ್ಟರು ಹೊರಬಲ್ಲದು ಎಂದು ಅರ್ಥವಲ್ಲ. ಮೇಲಿನ ಉದಾಹರಣೆಯ ಟ್ರ್ಯಾಕ್ಟರನ್ನೇ ತೆಗೆದುಕೊಂಡರೆ, ಹಿಂದಿನ ಅಚ್ಚಿನಿಂದ 1.4 ಮೀಟರ್ ಹಿಂದೆ ಭಾರದ ಕೇಂದ್ರವಿರುವ 300 ಕೆ.ಜಿ.ಯ ಕಲ್ಟಿವೇಟರ್ ಎತ್ತಿದಾಗ ಮುಂಚಕ್ರಗಳ ಭಾರ ಸುಮಾರು 233 ಕೆ.ಜಿ. ಇಳಿದು 367 ಕೆ.ಜಿ. ಉಳಿಯುತ್ತದೆ. ತಿರುಗಿಸಲು ಸ್ಟಿಯರಿಂಗ್ ಸರಿಯಾಗಿ ಮಾತು ಕೇಳಬೇಕಾದರೆ ಟ್ರ್ಯಾಕ್ಟರಿನ ಒಟ್ಟು ತೂಕದ ಶೇ. 20ರಷ್ಟಾದರೂ, ಇಲ್ಲಿ 300 ಕೆ.ಜಿ., ಮುಂದುಗಡೆ ಇರಬೇಕೆಂಬುದು ಸಾಮಾನ್ಯ ನಿಯಮ. ಆದುದರಿಂದ ಈ ಉಪಕರಣ ಸುರಕ್ಷಿತ. ಕಲ್ಲು ಚಪ್ಪಡಿ ಅಥವಾ ಪಂಪ್‌ಸೆಟ್ ಎತ್ತಲು ಕೆಳತೋಳುಗಳಿಗೆ ಉದ್ದನೆಯ ಕಬ್ಬಿಣದ ಕಂಬ ಜೋಡಿಸಿ, ಅಚ್ಚಿನಿಂದ 2.5 ಮೀಟರ್ ಹಿಂದೆ ಕೇವಲ 250 ಕೆ.ಜಿ. ತೂಗುಹಾಕಿದರೂ ಮುಂದಿನ ಭಾರದಲ್ಲಿ ಸುಮಾರು 347 ಕೆ.ಜಿ. ಇಳಿಯುತ್ತದೆ. ಭಾರ ಕಡಿಮೆ, ಅಪಾಯ ಹೆಚ್ಚು. ಇಂತಹ ಕೆಲಸಗಳಿಗೆ ಮುಂಭಾಗದಲ್ಲಿ ತಯಾರಕರು ಸೂಚಿಸಿದ ತೂಕದ ಬಿಲ್ಲೆಗಳನ್ನು ಅಳವಡಿಸತಕ್ಕದ್ದು. ಹೊರೆಯನ್ನು ನೆಲಕ್ಕೆ ಸಮೀಪವಾಗಿಯೇ ಇರಿಸಿಕೊಂಡು ಸಾಗಬೇಕು.

ಹಳೆಯ ಹೈಡ್ರಾಲಿಕ್ಕಿನ ಸ್ಥಿತಿಯನ್ನು ತಿಳಿಯಲು ಒಂದು ಸುಲಭ ಕ್ರಮವಿದೆ. ಉಪಕರಣವನ್ನು ಪೂರ್ತಿ ಎತ್ತಿ, ಎಂಜಿನ್ ನಿಲ್ಲಿಸಿ, ಕೆಳತೋಳಿನ ತುದಿಯ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಐದು ನಿಮಿಷದ ನಂತರ ಮತ್ತೊಮ್ಮೆ ಗುರುತು ಮಾಡಬೇಕು. ಕಣ್ಣಿಗೆ ಎದ್ದು ಕಾಣುವಷ್ಟು ಇಳಿದಿದ್ದರೆ ಪಿಸ್ಟನ್ನಿನ ಸೀಲು ಅಥವಾ ವಾಲ್ವು ಸವೆದಿದೆ ಎಂದು ತಿಳಿಯತಕ್ಕದ್ದು. ಎತ್ತುವ ಬಲ ಕಡಿಮೆಯಾಯಿತೆಂದು ರಿಲೀಫ್ ವಾಲ್ವಿನ ಸ್ಪ್ರಿಂಗಿನ ಅಡಿ ವಾಷರ್ ತುಂಬಿ ಬಿಗಿ ಮಾಡುವ ಮೆಕಾನಿಕರಿದ್ದಾರೆ. ಹಾಗೆ ಮಾಡಿದಲ್ಲಿ ಒತ್ತಡವು ಪಂಪನ್ನೋ ಬೀಡು ಕಬ್ಬಿಣದ ಕವಚವನ್ನೋ ಸೀಳುತ್ತದೆ. ಇಳಿಯುವ ಹೈಡ್ರಾಲಿಕ್ ಇರಲಿ, ಇಳಿಯದಿರುವುದಿರಲಿ, ಎತ್ತಿದ ಉಪಕರಣದ ಕೆಳಗೆ ಮರದ ದಿಮ್ಮಿಯ ಆಧಾರ ಕೊಡದೆ ಯಾರೂ ಕೈ ಹಾಕಬಾರದು.

ಪಿನ್ನು, ಟಾಪ್ ಲಿಂಕ್ ಮತ್ತು ಲೇತು

ಎಚ್.ಎಂ.ಟಿ. ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಒಪ್ಪಿಗೆ ನೀಡಿತು. ಇತರ ಕಂಪನಿಗಳ ಹಳೆಯ ಮಾದರಿಗಳ ಬಿಡಿಭಾಗಗಳೂ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿಲ್ಲ. ಪಶ್ಚಿಮ ಬೆಂಗಳೂರಿನವರಿಗೆ ಇದರಲ್ಲಿ ಒಂದು ಅನುಕೂಲವೂ ಒಂದು ಅಪಾಯವೂ ಇದೆ. ಕಾಮಾಕ್ಷಿಪಾಳ್ಯ ಹಾಗೂ ರಾಜಾಜಿನಗರ ಕೈಗಾರಿಕಾ ಪ್ರದೇಶಗಳ ಲೇತುಗಳಲ್ಲಿ ಯಾವ ಪಿನ್ನನ್ನಾದರೂ ಮಾದರಿ ಕೊಟ್ಟರೆ ತಿರುವಿಕೊಡುತ್ತಾರೆ. ಆದರೆ ಅಳತೆ ಸರಿಯಿದ್ದರೆ ಸಾಲದು, ಲೋಹವೂ ಸರಿಯಿರಬೇಕು. ಸಾಮಾನ್ಯ ಎಂ.ಎಸ್. ಸರಳಿನ ಪಿನ್ನು ಕೆಲವೇ ದಿನಗಳಲ್ಲಿ ಬಾಗುತ್ತದೆ. ಬಾಗುತ್ತದೆ ಎಂದು ತೀರಾ ಗಡುಸು ಮಾಡಿಸಿದರೆ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಇ.ಎನ್. 8 ದರ್ಜೆಯ ಉಕ್ಕಿನಲ್ಲಿ ತಿರುವಿಸಿ, ಸರಿಯಾದ ಹದ ಕೊಡಿಸಿ ಎಂದು ಕೇಳಿ ಪಡೆಯುವುದು ಒಳಿತು. ಇದಕ್ಕೆ ಸ್ವಲ್ಪ ಹೆಚ್ಚು ಹಣ ತೆರಬೇಕಾಗುತ್ತದೆ.

ಜೋಡಣೆಯ ಅಳತೆಗಳನ್ನು ಟ್ರ್ಯಾಕ್ಟರಿನ ಶಕ್ತಿಗೆ ತಕ್ಕಂತೆ ದರ್ಜೆಗಳಾಗಿ ನಿಗದಿಪಡಿಸಲಾಗಿದೆ. ಸುಮಾರು 20 ಅಶ್ವಶಕ್ತಿಯೊಳಗಿನ ಯಂತ್ರಗಳ ಸೊನ್ನೆ ದರ್ಜೆಯಲ್ಲಿ ಮೇಲಿನ, ಕೆಳಗಿನ ಪಿನ್ನುಗಳೆರಡೂ 16 ಮಿ.ಮೀ. ದಪ್ಪ. ಒಂದನೆಯ ದರ್ಜೆಯಲ್ಲಿ ಕೆಳಗಿನವು 22, ಮೇಲಿನದು 19 ಮಿ.ಮೀ.; ಎರಡನೆಯ ದರ್ಜೆಯಲ್ಲಿ ಕೆಳಗಿನವು 28, ಮೇಲಿನದು 25 ಮಿ.ಮೀ. ದೊಡ್ಡ ಟ್ರ್ಯಾಕ್ಟರಿನ ಉಪಕರಣವನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಸಣ್ಣ ಟ್ರ್ಯಾಕ್ಟರಿಗೆ ಕಟ್ಟುವಾಗ ತೂತು ದೊಡ್ಡದು, ಪಿನ್ನು ಸಣ್ಣದು ಆಗುತ್ತದೆ. ಇದಕ್ಕೆ ಸರಿಯಾದ ಅಳತೆಯ ಬುಷ್ ಹಾಕಿಸಬೇಕೇ ವಿನಾ ವಾಷರುಗಳನ್ನು ಪೋಣಿಸಬಾರದು. ಉಪಕರಣವೇ ಆ ಟ್ರ್ಯಾಕ್ಟರಿಗೆ ಭಾರವಾಗಬಹುದು ಎಂಬುದಕ್ಕೂ ಈ ವ್ಯತ್ಯಾಸವು ಮೊದಲ ಸೂಚನೆ. ಪಿನ್ನಿನ ತುದಿಗೆ ಲಾಕ್ ಪಿನ್ ಹಾಕದೆ ಮೊಳೆಯನ್ನೋ ಕಟ್ಟುತಂತಿಯನ್ನೋ ಸಿಕ್ಕಿಸುವುದು, ಕಳೆದುಹೋದ ಟಾಪ್ ಲಿಂಕಿಗೆ ಬದಲಾಗಿ ಕಟ್ಟಡದ ಕಂಬಿಯ ತುಂಡನ್ನು ಬೆಸೆದು ಹಾಕುವುದು ಇವು ನಿಷಿದ್ಧ. ತೋಳುಗಳು ಅತ್ತಿತ್ತ ಓಲಾಡಿ ಟೈರಿಗೆ ತಾಗದಂತೆ ತಡೆಯುವ ಚೆಕ್ ಚೈನುಗಳು ಎರಡೂ ಬದಿ ಇರತಕ್ಕದ್ದು.

ಹಿಂದಿನ ಅಚ್ಚಿನ ಕವಚಕ್ಕೆ ಕೊಕ್ಕೆಯನ್ನು ವೆಲ್ಡಿಂಗ್ ಮಾಡಿಸುವವರ ಗಮನಕ್ಕೆ ತರಬೇಕಾದ ಒಂದು ಸಂಗತಿಯಿದೆ. ಆ ಕವಚವು ಸಾಮಾನ್ಯವಾಗಿ ಬೀಡು ಕಬ್ಬಿಣದ್ದು. ಸಾಧಾರಣ ವೆಲ್ಡಿಂಗಿನ ಕಾವಿಗೆ ಅದು ಒಳಗಿಂದೊಳಗೆ ಬಿರುಕು ಬಿಡುತ್ತದೆ. ಹೊರಗೆ ಕಾಣದ ಆ ಬಿರುಕು ತಿಳಿದುಬರುವುದು ಹೊರೆ ಎಳೆಯುವಾಗಲೇ.

ಟ್ಯಾಂಕರ್ ಮತ್ತು ಟ್ರೇಲರ್

ಬಸವೇಶ್ವರನಗರ, ಕುರುಬರಹಳ್ಳಿ ಕಡೆಯ ಏರಿಳಿತದ ರಸ್ತೆಗಳಲ್ಲಿ ನೀರಿನ ಟ್ಯಾಂಕರ್ ಎಳೆಯುವುದು ಹೊಲದ ಕೆಲಸಕ್ಕಿಂತ ಭಿನ್ನವಾದ ಸಮಸ್ಯೆಯನ್ನು ಒಡ್ಡುತ್ತದೆ. 4,000 ಲೀಟರ್ ನೀರಿನ ತೂಕವೇ 4,000 ಕೆ.ಜಿ. ಎಳೆಯುವ ಟ್ರ್ಯಾಕ್ಟರಿನ ತೂಕ ಅದರ ಅರ್ಧವೂ ಇರುವುದಿಲ್ಲ. ಇಳಿಜಾರಿನಲ್ಲಿ ಟ್ಯಾಂಕರು ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಟ್ರ್ಯಾಕ್ಟರಿನ ಹಿಂಭಾಗ ಪಕ್ಕಕ್ಕೆ ಹೊರಳಿ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು. ಏರಿನಲ್ಲಿ ನೀರೆಲ್ಲ ಹಿಂದಕ್ಕೆ ಸರಿದು ಕೊಂಡಿಯನ್ನು ಮೇಲೆತ್ತುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗಿ ಗುದ್ದುತ್ತದೆ. ಒಳಗೆ ಅಡ್ಡ ತಡೆಹಲಗೆಗಳಿರುವ ಟ್ಯಾಂಕನ್ನೇ ಆರಿಸಿಕೊಳ್ಳಬೇಕು.

ಟ್ರ್ಯಾಕ್ಟರಿನ ಎಡ ಮತ್ತು ಬಲ ಬ್ರೇಕ್ ಪೆಡಲುಗಳನ್ನು ಹೊಲದಲ್ಲಿ ತಿರುಗಲು ಅನುಕೂಲವಾಗಲೆಂದು ಬೇರೆ ಬೇರೆ ಮಾಡಲಾಗಿದೆ. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಕೂಡಿಸುವ ಲಾಕನ್ನು ಹಾಕತಕ್ಕದ್ದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಈ ಪುಟ್ಟ ಲಾಕು ಮೊದಲು ಕಳೆದುಹೋಗುವ ಭಾಗ. ಅದಿಲ್ಲದೆ ಒಂದೇ ಪೆಡಲ್ ತುಳಿದರೆ ಭಾರದ ಹೊರೆಯೊಂದಿಗೆ ವಾಹನ ಪಕ್ಕಕ್ಕೆ ತಿರುಗುತ್ತದೆ. ಏರನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿತಾಯಕ್ಕೆಂದು ನ್ಯೂಟ್ರಲ್ಲಿನಲ್ಲಿ ಬಿಡಬಾರದು. ಪಿ.ಟಿ.ಓ.ದಿಂದ ಪಂಪು ತಿರುಗಿಸುವ ಟ್ಯಾಂಕರುಗಳಲ್ಲಿ ದಂಡವು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆ, ಟವೆಲು, ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಅವಕಾಶವೇ ಇರುವುದಿಲ್ಲವಾದ್ದರಿಂದ ಅದರ ಕವಚವನ್ನು ತೆಗೆಯಬಾರದು.

ಪವರ್ ಟಿಲ್ಲರಿಗೆ ಟ್ರೇಲರ್ ಕಟ್ಟಿ ನಡೆಸುವವರು ಅರಿತಿರಬೇಕಾದ ವಿಚಿತ್ರವೊಂದಿದೆ. ಸಮತಟ್ಟಿನಲ್ಲಿ ಎಡಗೈಯ ಸ್ಟಿಯರಿಂಗ್ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಬಲ ತಪ್ಪಿ ಟಿಲ್ಲರು ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹೊರೆ ಹಿಂದಿನಿಂದ ತಳ್ಳುತ್ತಿರುವಾಗ ಎಂಜಿನ್ ಬ್ರೇಕಿನಂತೆ ಚಕ್ರಗಳನ್ನು ತಡೆಯುತ್ತಿರುತ್ತದೆ. ಆಗ ಎಡ ಕ್ಲಚ್ ಒತ್ತಿದರೆ ಎಡ ಚಕ್ರ ಸ್ವತಂತ್ರವಾಗಿ ಓಡಿ ಟಿಲ್ಲರು ಬಲಕ್ಕೆ ತಿರುಗುತ್ತದೆ. ಹೊಸಬರು ಹಳ್ಳಕ್ಕೆ ಬೀಳುವುದು ಇದರಿಂದಲೇ. ಇಳಿಜಾರಿನಲ್ಲಿ ಸ್ಟಿಯರಿಂಗ್ ಕ್ಲಚ್ಚನ್ನು ಮುಟ್ಟದೆ, ಹಿಡಿಕೆಯನ್ನೇ ತಳ್ಳಿ ತಿರುಗಿಸಬೇಕು.

ನೋಂದಣಿಯ ಬಗ್ಗೆ ಸಂಕ್ಷಿಪ್ತವಾಗಿ: ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕೃಷಿ ಟ್ರ್ಯಾಕ್ಟರು ಕೃಷಿ ಸಾಮಗ್ರಿ ಸಾಗಿಸುವ, ಸಾರಿಗೆಯೇತರ ವಾಹನವಾಗಿದೆ. ಮನೆಗಳಿಗೆ ನೀರು ಮಾರುವುದು, ಬಾಡಿಗೆಗೆ ಜಲ್ಲಿ ಸಾಗಿಸುವುದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲವಾದ್ದರಿಂದ ಅಪಘಾತವಾದಲ್ಲಿ ವಿಮೆಯ ಪರಿಹಾರಕ್ಕೆ ತೊಡಕಾಗಬಹುದು. ರಾಜಾಜಿನಗರ ಅಥವಾ ಜ್ಞಾನಭಾರತಿ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಸೂಕ್ತ ನೋಂದಣಿ ಪಡೆಯತಕ್ಕದ್ದು. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯು ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಸಂಬಂಧಿಸಿದ್ದು, ಟ್ರ್ಯಾಕ್ಟರುಗಳಿಗೆ ಅನ್ವಯಿಸುವುದಿಲ್ಲ.

ರಕ್ಷಣಾ ಚೌಕಟ್ಟು ಮತ್ತು ತರಬೇತಿ

ಮಗುಚಿದಾಗ ಚಾಲಕನ ಸುತ್ತ ಜಾಗ ಉಳಿಸುವ ಉಕ್ಕಿನ ಚೌಕಟ್ಟನ್ನು ಸ್ವೀಡನ್ ದೇಶವು ಹೊಸ ಟ್ರ್ಯಾಕ್ಟರುಗಳಿಗೆ 1959ರಲ್ಲಿಯೇ ಕಡ್ಡಾಯಗೊಳಿಸಿತು. ಅಲ್ಲಿ ಈ ಬಗೆಯ ಸಾವುಗಳು ನಂತರದ ವರ್ಷಗಳಲ್ಲಿ ಬಹುವಾಗಿ ಇಳಿದವು. ಮೇಲೆ ಹೆಸರಿಸಿದ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಚೌಕಟ್ಟು ಕಂಡುಬರುವುದಿಲ್ಲ. ನೆರಳಿಗೆಂದು ಹಾಕಿಸಿದ ಕೊಳವೆಯ ಮಾಡು ಇದಕ್ಕೆ ಬದಲಿಯಲ್ಲ. ಪರೀಕ್ಷಿತ ಚೌಕಟ್ಟನ್ನು ಅಳವಡಿಸಿಕೊಂಡವರು ಸೀಟ್ ಬೆಲ್ಟನ್ನೂ ಧರಿಸಬೇಕು. ಇಲ್ಲವಾದಲ್ಲಿ ಚಾಲಕನು ಹೊರಕ್ಕೆ ಬಿದ್ದು ಆ ಚೌಕಟ್ಟಿನ ಅಡಿಗೇ ಸಿಲುಕುವ ಸಂಭವವಿದೆ. ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಧರಿಸಬಾರದು.

ಟ್ರ್ಯಾಕ್ಟರು ಮತ್ತು ಉಪಕರಣಗಳ ಬಳಕೆ, ದುರಸ್ತಿ ಕುರಿತ ತರಬೇತಿಯು ಆಂಧ್ರಪ್ರದೇಶದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿರುವ ದಕ್ಷಿಣ ವಲಯದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಲ್ಲಿ ದೊರೆಯುತ್ತದೆ. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ನಡೆಸುವ ಕೃಷಿ ಮೇಳದಲ್ಲಿಯೂ ಉಪಕರಣಗಳನ್ನು ಕಣ್ಣಾರೆ ನೋಡಿ ವಿಚಾರಿಸಬಹುದು. ಒಂದೆರಡು ದಿನದ ಕೆಲಸಕ್ಕಾಗಿ ತಕ್ಕ ಶಕ್ತಿಯ ಟ್ರ್ಯಾಕ್ಟರು ಬೇಕಾದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ವಿಚಾರಿಸಬಹುದಾಗಿದೆ. ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ದೂರವಾಣಿ 1800-180-1551 ಅನ್ನು ಸಂಪರ್ಕಿಸುವುದು.